ಎಡಗಿವಿ ಮೊದಲು

ನಾಯಿಗೆ ಉಣ್ಣೆ ಹತ್ತಿದೆ ಅಂತ ಒಂದು ಮಾತು ಆಡಿ ನೋಡಿ, ಊರಿನಲ್ಲಿ ಬಾಯಿರುವವರೆಲ್ಲ ವೈದ್ಯರಾಗಿಬಿಡುತ್ತಾರೆ. ಬೇವಿನೆಣ್ಣೆ ಹಚ್ಚು ಅನ್ನುತ್ತಾರೆ ಒಬ್ಬರು. ಸೀತಾಫಲದ ಬೀಜ ಅರೆದು ಬಳಿ ಅನ್ನುತ್ತಾರೆ ಇನ್ನೊಬ್ಬರು. ಹೊಗೆಸೊಪ್ಪು ನೆನೆಹಾಕಿ ಆ ನೀರು ಹುಯ್ಯಿ, ಕರ್ಪೂರ ತಿಕ್ಕು, ಟೊಮೆಟೊಗೆ ಹೊಡೆಯುವ ಔಷಧಿಯನ್ನೇ ಒಂದು ಮುಚ್ಚಳ ಬಕೆಟ್ ನೀರಿಗೆ ಬೆರೆಸಿ ಸುರಿ. ಈ ಕೊನೆಯ ಮಾತು ಕೇಳಿ ಸುರಿದವರ ನಾಯಿಗಳು ಉಣ್ಣೆಯ ಜೊತೆಗೇ ಹೋಗಿವೆ. ಆದರೂ ಹೇಳುವ ಬಾಯಿ ನಿಂತಿಲ್ಲ.

ಕೆಂಚಾರ್ಲಹಳ್ಳಿಯ ರಾಮಲಕ್ಷ್ಮಮ್ಮನಿಗೆ ಇವುಗಳಲ್ಲಿ ಒಂದೂ ನಡೆಯುವಂತಿರಲಿಲ್ಲ. ಅವಳು ರೇಷ್ಮೆ ಹುಳು ಸಾಕುವವಳು. ಉಣ್ಣೆಯನ್ನು ಕೊಲ್ಲುವ ಮದ್ದು ಯಾವುದಿದ್ದರೂ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಆ ಹುಳುವೋ, ರಾಜರ ಮನೆಯ ಕೂಸಿಗಿಂತ ನಾಜೂಕು. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಹಾಕಿದರೆ ಆಗದು, ಸೊಳ್ಳೆಬತ್ತಿ ಹಚ್ಚಿದರೆ ಆಗದು, ಮುಖಕ್ಕೆ ಘಮಘಮ ಪೌಡರ್ ಬಳಿದುಕೊಂಡು ಒಳಗೆ ಹೋದರೂ ಆಗದು. ಹುಳುಮನೆ ಇರುವ ಕಡೆ ನೆಂಟರು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವುದು ಈ ಸೀಮೆಯ ವಾಡಿಕೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೂ ಹುಳುವಿನ ಮುಂದೆ ಅದು ಲೆಕ್ಕಕ್ಕಿಲ್ಲ.

ರಾಮಲಕ್ಷ್ಮಮ್ಮನ ಹುಳುಮನೆ ಊರಾಚೆ, ಹಿಪ್ಪುನೇರಳೆ ತೋಟದ ನಡುವೆ ಇತ್ತು. ಅದರ ಪಕ್ಕಕ್ಕೆ ಅಂಟಿಕೊಂಡ ಒಂದು ಕೋಣೆಯೇ ಅವಳ ಮನೆ. ತೊಂಡೇಬಾವಿಗೆ ಮದುವೆಯಾಗಿ ಹೋದವಳು, ಗಂಡನ ಕೈಯ ಏಟು ತಿಂದು ತಿಂದು ಸಾಕಾಗಿ ಒಂದು ದಿನ ಬೆಳಗಿನ ರೈಲು ಹತ್ತಿ ಬಂದುಬಿಟ್ಟಿದ್ದಳು. ಅದೆಲ್ಲ ಹಳೆಯ ಮಾತು. ಬಂದವಳು ಕೆಲವು ವರ್ಷ ಚಿಂತಾಮಣಿಯಲ್ಲಿ ತಮ್ಮ ಮುರಳಿಮೋಹನನ ಮನೆಯಲ್ಲಿದ್ದಳು. ತಮ್ಮ ಒಳ್ಳೆಯವನೇ, ನಾದಿನಿಯೂ ಒಂದು ಮಾತು ಆಡಿದವಳಲ್ಲ. ಆದರೆ ಆ ಮನೆಯಲ್ಲಿ ಲೋಟ ತೊಳೆದಿಟ್ಟರೂ ‘ಅಯ್ಯೋ ನಿಮಗ್ಯಾಕೆ ಅತ್ತಿಗೆ’ ಅನ್ನುತ್ತಿದ್ದರು. ನೆಂಟರಿಗೆ ಹೇಳುವ ಹಾಗೆ. ಬದುಕಿಡೀ ನೆಂಟಳಾಗಿರುವುದಕ್ಕೆ ಯಾರಿಗೆ ತಾನೆ ಮನಸ್ಸು ಬರುತ್ತದೆ? ಅಪ್ಪನ ಕಾಲದ ಈ ತೋಟಕ್ಕೆ ಬಂದು ಹುಳು ಹಾಕಿದ ದಿನದಿಂದ ಅವಳು ತನ್ನ ಮನೆಯಲ್ಲಿದ್ದಳು.

ತನ್ನ ಮನೆ ಅಂದರೆ ಒಂಟಿ ಮನೆ. ದಿನಕ್ಕೆ ಆಡುವ ಮಾತೆಲ್ಲ ಸೊಪ್ಪಿನ ಜೊತೆ, ನೀರಿನ ಮೋಟರಿನ ಜೊತೆ. ಮುರಳಿಮೋಹನನಿಗೆ ಚಿಂತಾಮಣಿಯಲ್ಲಿ ಗೊಬ್ಬರ, ಔಷಧಿಗಳ ಅಂಗಡಿ. ಕೀಟನಾಶಕದ ವಾಸನೆ ಅವನ ಅಂಗಿಗೂ ತಲೆಕೂದಲಿಗೂ ಹಿಡಿದುಬಿಟ್ಟಿತ್ತು. ಹಾಗಾಗಿ ಒಡಹುಟ್ಟಿದ ತಮ್ಮನೇ ಬಂದರೂ ತೋಟದ ಗೇಟಿನ ಆಚೆ ಬೈಕ್ ನಿಲ್ಲಿಸಿ, ಹಾರನ್ ಹೊಡೆದು, ಅಲ್ಲಿಂದಲೇ ಕೂಗಿ ಮಾತಾಡುತ್ತಿದ್ದ. ಅವಳು ಇಲ್ಲಿಂದ ಕೂಗುತ್ತಿದ್ದಳು. ಅಕ್ಕತಮ್ಮ ಜಗಳವಾಡುತ್ತಿದ್ದಾರೆ ಅಂತ ದಾರಿಹೋಕರು ನಿಂತು ನೋಡಿದ್ದೂ ಉಂಟು.

ಹೀಗಿರುವಾಗ ಬಂದದ್ದು ಹುರುಳಿ. ಹುರಿದ ಹುರುಳಿಕಾಳಿನ ಬಣ್ಣದ ಗಂಡುಮರಿ. ಯಾರೋ ರಸ್ತೆಯಲ್ಲಿ ಬಿಟ್ಟು ಹೋಗಿದ್ದು, ತೋಟದ ಕಾಲುವೆಯಲ್ಲಿ ಬಿದ್ದು ಕುಂಯ್ ಅನ್ನುತ್ತಿತ್ತು. ಒಂದೇ ವಾರದಲ್ಲಿ ಮನೆಯ ಕಾನೂನು ಕಲಿತುಬಿಟ್ಟಿತು. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಅದ್ದಿದ ಗೋಣಿತಾಟು ಹಾಸಿರುತ್ತಿದ್ದಳಲ್ಲ, ಅದರಿಂದ ಆಚೆಗೆ ಒಂದು ಕಾಲೂ ಇಡುತ್ತಿರಲಿಲ್ಲ. ತಾಟಿನ ಈಚೆ ಕೂತು, ಅವಳು ಒಳಗೆ ಸೊಪ್ಪು ಹಾಕಿ ಮುಗಿಸುವವರೆಗೆ ಬಾಗಿಲನ್ನೇ ನೋಡುತ್ತಿತ್ತು.

ಸಂಜೆಯ ಸೊಪ್ಪು ಹಾಕಿದ ಮೇಲೆ ಉಣ್ಣೆ ತೆಗೆಯುವ ಹೊತ್ತು. ತೆಂಗಿನ ಚಿಪ್ಪಿನಲ್ಲಿ ಉಪ್ಪುನೀರು ಇಟ್ಟುಕೊಂಡು ಅವಳು ಜಗಲಿಯ ಮೇಲೆ ಕಾಲು ಚಾಚುತ್ತಿದ್ದಳು. ಚಿಪ್ಪಿನ ಸದ್ದು ಕೇಳಿದರೆ ಸಾಕು, ಹುರುಳಿ ಎಲ್ಲಿದ್ದರೂ ಓಡಿಬಂದು ತಲೆ ತಂದು ಮಡಿಲಿಗಿಡುತ್ತಿತ್ತು. ಯಾವಾಗಲೂ ಎಡಗಿವಿ ಮೇಲೆ ಮಾಡಿಕೊಂಡು. ಎಡಗಿವಿ ಮುಗಿಯದೆ ಬಲಗಿವಿ ಕೊಡುತ್ತಿರಲಿಲ್ಲ. ಬೇರೆ ಕಡೆ ಕೈ ಹಾಕಿದರೆ ಗುರ್ ಅಂತ ನೆಪಕ್ಕೊಂದು ಸದ್ದು ಮಾಡಿ ಮತ್ತೆ ಎಡಗಿವಿಯನ್ನೇ ಒಡ್ಡುತ್ತಿತ್ತು.

“ಏನ್ ಸಾಯೇಬ್ರು! ಇವ್ರು ಹೇಳ್ದಂಗೇ ಆಗ್ಬೇಕು,” ಎಂದು ಅವಳು ಬೈಯುತ್ತಿದ್ದಳು.

ಉಣ್ಣೆ ತೆಗೆಯುವುದಕ್ಕೂ ಒಂದು ಕೈಗುಣ ಬೇಕು. ಹೊಟ್ಟೆ ಹಿಡಿದು ಎಳೆದರೆ ಅದರ ಬಾಯಿ ಚರ್ಮದೊಳಗೇ ಮುರಿದು ಕೂತು ಹುಣ್ಣಾಗುತ್ತದೆ. ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೆಟ್ಟಗೆ ಎಳೆಯಬೇಕು. ಉಗುರಲ್ಲಿ ಹಿಸುಕಬಾರದು, ಚಿಪ್ಪಿಗೆ ಹಾಕಬೇಕು. ಕಿವಿಯಾದ ಮೇಲೆ ಕತ್ತು, ಕಂಕುಳು, ಕಾಲ್ಬೆರಳ ಸಂದು, ಕೊನೆಗೆ ಬಾಲದ ಬುಡ. ಚಿಗಟಗಳಿಗೆ ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ. ಇದೆಲ್ಲ ಮುಗಿಯುವ ಹೊತ್ತಿಗೆ ಹುರುಳಿ ನಿದ್ದೆ ಹೋಗಿರುತ್ತಿತ್ತು. ಅವಳು ಏಳುತ್ತಿರಲಿಲ್ಲ. ಮಡಿಲಲ್ಲಿ ಬೆಚ್ಚಗೆ ಒಂದು ಜೀವ ಉಸಿರಾಡುತ್ತಿರುವುದು ಎಂಥ ಸುಖ ಅನ್ನುವುದು ಮನೆ ತುಂಬ ಜನ ಇರುವವರಿಗೆ ಗೊತ್ತಾಗುವುದಿಲ್ಲ. ಇಡೀ ದಿನದಲ್ಲಿ ಅವಳು ಮುಟ್ಟುತ್ತಿದ್ದ ಒಂದೇ ಒಂದು ಬೆಚ್ಚನೆಯ ಮೈ ಅದು. ರೇಷ್ಮೆ ಹುಳುವನ್ನೂ ಮುಟ್ಟುತ್ತಿದ್ದಳು ನಿಜ, ಆದರೆ ಅದು ತಣ್ಣಗಿರುತ್ತದೆ.

ಹಿಂದಿನ ಬೆಳೆಯಲ್ಲಿ ಒಂದು ತಪ್ಪು ಮಾಡಿದ್ದಳು. ಉಣ್ಣೆ ವಿಪರೀತವಾಗಿ, ಕೈಯಲ್ಲಿ ತೆಗೆದು ಸೋತು, ಯಾರೋ ಹೇಳಿದರೆಂದು ಹೊಗೆಸೊಪ್ಪಿನ ನೀರಲ್ಲಿ ಹುರುಳಿಯ ಮೈ ತಿಕ್ಕಿದ್ದಳು. ಆಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೇ ಸೊಪ್ಪು ಮುಟ್ಟಿದ್ದು. ಸಾಲಲಿಲ್ಲ. ಮಾರನೆಯ ಬೆಳಗ್ಗೆ ಹುಳುಗಳು ತಲೆ ಎತ್ತಿ ಎತ್ತಿ ಆಡಿಸುತ್ತಾ ಹಸಿರು ರಸ ಕಕ್ಕುತ್ತಿದ್ದವು. ಬೆಳೆಯನ್ನೆಲ್ಲ ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮುರಳಿಮೋಹನ ಗೇಟಿನಾಚೆಯಿಂದ ಕೂಗಿದ್ದ. “ಅಕ್ಕಾ, ಇನ್ನೊಂದು ಬೆಳೆ ನೋಡಣ. ಅದೂ ಹಿಂಗೇ ಆದ್ರೆ ತೋಟ ಕಿತ್ತು ದ್ರಾಕ್ಷಿ ಹಾಕ್ಸ್ತೀನಿ. ನೀನು ಬಂದು ನಮ್ಮನೇಲಿರು. ಮಹಡಿ ಮೇಲೆ ರೂಮ್ ಖಾಲಿ ಐತೆ. ಈ ವಯಸ್ನಾಗೆ ಒಬ್ಳೇ ಯಾಕ್ ಒದ್ದಾಡ್ತೀಯ?”

ಪ್ರೀತಿಯಿಂದಲೇ ಹೇಳಿದ ಮಾತು. ಅವಳಿಗೆ ಕಂಡದ್ದು ಮಾತ್ರ ಮಹಡಿಯ ರೂಮು, ಮತ್ತು ‘ಅಯ್ಯೋ ನಿಮಗ್ಯಾಕೆ ಅತ್ತಿಗೆ’.

ಅದಕ್ಕೇ ಈ ಬೆಳೆಗೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಹುಳು ನಾಲ್ಕನೆಯ ಜ್ವರ ದಾಟಿತು. ಈ ಕಡೆ ಹುಳು ಪೊರೆ ಬಿಡುವ ಹೊತ್ತಿಗೆ ಜ್ವರ ಅನ್ನುತ್ತಾರೆ. ಅದು ದಾಟಿದ ಮೇಲೆ ಹುಳುವಿಗೆ ರಾಕ್ಷಸ ಹಸಿವು. ಎಷ್ಟು ಸೊಪ್ಪು ಹಾಕಿದರೂ ಕಡ್ಡಿ ಮಾತ್ರ ಉಳಿಯುತ್ತದೆ. ಈ ಏಳೆಂಟು ದಿನ ಗೆದ್ದರೆ ಗೂಡು, ಸೋತರೆ ತಿಪ್ಪೆ. ಸರಿಯಾಗಿ ಆ ಹೊತ್ತಿಗೇ ಮಳೆ ಬಿದ್ದು, ಗೋಡೆಯ ಬಿರುಕುಗಳಿಂದ ಉಣ್ಣೆ ಎದ್ದು ಬಂದವು. ಸಂಜೆ ತೆಗೆದಷ್ಟೂ ಬೆಳಗ್ಗೆ ಮತ್ತೆ ಇರುತ್ತಿದ್ದವು. ಒಂದು ದಿನ ಹುರುಳಿ ಮುದ್ದೆ ಮೂಸಿ ಮುಖ ತಿರುಗಿಸಿತು. ಮಾರನೆಯ ದಿನ ಚಿಪ್ಪಿನ ಸದ್ದಿಗೂ ಏಳಲಿಲ್ಲ. ಅವಳೇ ಹೋಗಿ ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಹಾಗೆ ಬಿಳುಚಿಕೊಂಡಿತ್ತು.

ಬೆಳಗಿನ ಸೊಪ್ಪು ಹಾಕಿ, ಹುರುಳಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಆಟೊ ಹಿಡಿದು ಚಿಂತಾಮಣಿಯ ದನದ ಆಸ್ಪತ್ರೆಗೆ ಹೋದಳು. ತನುಜ ಅಂತ ಚಿಕ್ಕ ವಯಸ್ಸಿನ ಡಾಕ್ಟರು. ರಕ್ತ ನೋಡಿ, ಹೊಟ್ಟೆ ಒತ್ತಿ, ಉಣ್ಣೆ ಕಚ್ಚಿ ಬರುವ ಜ್ವರ ಅಂದರು. ಇಂಜೆಕ್ಷನ್ ಕೊಟ್ಟು, ಜ್ವರದ ಮಾತ್ರೆಗಳನ್ನೂ ಕಟ್ಟಿಕೊಟ್ಟರು.

“ಇದ್ರಿಂದ ಜ್ವರ ಇಳಿಯತ್ತೆ ಅಮ್ಮ. ಆದ್ರೆ ಮೈಮೇಲಿನ ಉಣ್ಣೆ ಇವತ್ತೇ ಸಾಯ್ಬೇಕು. ರಕ್ತ ಇರೋದೇ ಇಷ್ಟು, ಅವು ಇನ್ನೂ ಕುಡೀತಾ ಇದ್ರೆ ಇವನು ಉಳಿಯಲ್ಲ. ಬೆನ್ನಿಗೆ ಔಷಧಿ ಹಾಕ್ತೀನಿ.”

“ಬ್ಯಾಡ ಡಾಕ್ಟರಮ್ಮ. ನಮ್ದು ಹುಳುಮನೆ.”

ಡಾಕ್ಟರ ಕೈ ನಿಂತಿತು. ಈ ಸೀಮೆಯಲ್ಲಿ ಕೆಲಸ ಮಾಡುವವರಿಗೆ ಆ ಒಂದು ಮಾತು ಸಾಕು. “ಎಷ್ಟನೇ ಜ್ವರ?” ಎಂದು ಕೇಳಿದರು.

“ನಾಲ್ಕು ಎದ್ದೈತೆ.”

“ಅಯ್ಯೋ.” ಅವರು ಔಷಧಿ ಕೆಳಗಿಟ್ಟರು. “ಉಣ್ಣೆಗೆ ನುಂಗೋ ಮಾತ್ರೆ ಬರತ್ತೆ. ಅದು ಮೈಗೆ ಅಂಟಲ್ಲ, ನಿಮ್ಮ ಹುಳಕ್ಕೂ ಭಯ ಇಲ್ಲ. ಆದ್ರೆ ಇಲ್ಲಿ ಸಿಗಲ್ಲ, ತರಿಸ್ಬೇಕು. ಅಲ್ಲೀವರ್ಗೂ ಇವನು ಕಾಯಲ್ಲ. ಇವತ್ತು ಬೆನ್ನಿಗೆ ಹಾಕಿಬಿಡಣ. ಹುಳ ಗೂಡು ಕಟ್ಟೋವರ್ಗೂ ಇವನು ನಿಮ್ಮ ಹತ್ರ ಬರ್ಬಾರ್ದು, ನೀವು ಮುಟ್ಬಾರ್ದು. ಬೇರೆ ಎಲ್ಲಾದ್ರೂ ಇಡಿ. ನಿಮ್ಮ ಗೋಡೆ ಸಂದೀಲೂ ಉಣ್ಣೆ ಮೊಟ್ಟೆ ಇರತ್ತೆ. ಅದನ್ನ ಮುಚ್ದೆ ವಾಪಸ್ ಕರ್ಕೊಂಡ್ ಹೋದ್ರೆ ಮತ್ತೆ ಇದೇ ಕಥೆ.”

ಅತ್ತ ದರಿ, ಇತ್ತ ಪುಲಿ. ರಾಮಲಕ್ಷ್ಮಮ್ಮ ಹುರುಳಿಯ ಎಡಗಿವಿಯನ್ನು ಒಮ್ಮೆ ಸವರಿ, “ಹಾಕ್ಬಿಡಿ,” ಎಂದಳು.

ಹಾಕಿಸಿದ್ದಾಯಿತು, ಇಡುವುದೆಲ್ಲಿ? ಕೆಂಚಾರ್ಲಹಳ್ಳಿಯಲ್ಲಿ ಮನೆಗೊಂದು ಹುಳುಮನೆ. ಔಷಧಿ ಹಾಕಿದ ನಾಯಿಯನ್ನು ಅಂಗಳಕ್ಕೆ ಬಿಟ್ಟುಕೊಳ್ಳುವ ಎದೆ ಯಾರಿಗೂ ಇಲ್ಲ. ಹುಳು ಸಾಕದವನು ಊರಿಗೆಲ್ಲ ಒಬ್ಬನೇ. ಬಸ್‌ಸ್ಟಾಪಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಮುನಿನಾರಾಯಣಪ್ಪ. ಹಿಂದೆ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಹೆಂಡತಿ ಮಕ್ಕಳಿಲ್ಲ, ಬೀಡಿ ಮಾತ್ರ ಇತ್ತು. ಒಂದು ಆರುವ ಮುಂಚೆ ಇನ್ನೊಂದು. ಆ ಬೀಡಿಯ ದೆಸೆಯಿಂದ ಹುಳು ದೊಡ್ಡದಾದ ದಿನಗಳಲ್ಲಿ ಅವನನ್ನು ಯಾರ ಮನೆಯ ಬಾಗಿಲಿಗೂ ಸೇರಿಸುತ್ತಿರಲಿಲ್ಲ. ಕಾಫಿ ಕೊಡುವವರೂ ಲೋಟವನ್ನು ದೂರದ ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು. ರಾಮಲಕ್ಷ್ಮಮ್ಮ ಕೂಡ ಎಷ್ಟೋ ಸಲ, “ಅಣ್ಣಾ, ಅಲ್ಲೇ ನಿಂತ್ಕೋ,” ಎಂದಿದ್ದಳು. ಈಗ ಅವನ ಅಂಗಡಿಯ ಮುಂದೆ ತಾನೇ ದೂರ ನಿಂತು ಕೇಳಬೇಕಾಗಿ ಬಂತು. ಮಾಡಿದ್ದುಣ್ಣೋ ಮಹಾರಾಯ.

ಅವನು ಹಳೆಯ ಮಾತೇನೂ ಎತ್ತಲಿಲ್ಲ. ಬೀಡಿಯನ್ನು ನೆಲಕ್ಕೊತ್ತಿ, ಆಟೊದಿಂದ ಹುರುಳಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡ. “ಅಯ್ಯೋ, ಗಾಳಿ ತುಂಬಿದ್ ಟ್ಯೂಬಿಗಿಂತ ಹಗುರ ಆಗೋಗವ್ನೆ. ಪೋನೀಲೇಮ್ಮ, ಹೋಗ್ಲಿ ಬಿಡು, ನಾನ್ ನೋಡ್ಕೊಳ್ತೀನಿ. ನಂಗೇನ್ ಹುಳಾನಾ, ಹುಪ್ಪಡೀನಾ?”

“ಗಂಜಿ ಕುಡ್ಸಣ್ಣ. ಜ್ವರದ್ ಮಾತ್ರೆ ಬೆಲ್ಲದಾಗಿಟ್ ಕೊಡು. ಹಗ್ಗ ಬಿಚ್ಬ್ಯಾಡ.”

ಅವಳು ಮನೆಗೆ ಬಂದು, ಬಾವಿಯ ಹತ್ತಿರವೇ ಉಟ್ಟಿದ್ದ ಸೀರೆ ಬಿಚ್ಚಿ ನೆನೆಹಾಕಿ, ತಲೆಗೆ ನೀರು ಹುಯ್ದುಕೊಂಡು, ಬೇರೆ ಸೀರೆ ಉಟ್ಟು, ಆಮೇಲೆ ಹುಳುಮನೆಗೆ ಹೋದಳು. ಸಂಜೆ ಸೊಪ್ಪು ಹಾಕಿ ಬಂದು ಅಭ್ಯಾಸಬಲದಿಂದ ಚಿಪ್ಪು ತೆಗೆದುಕೊಂಡಳು. ಮತ್ತೆ ಅಲ್ಲೇ ಇಟ್ಟಳು.

ಇಂಜೆಕ್ಷನ್ ಹಿಡಿಯಿತು. ಹುರುಳಿಗೆ ಕಾಲು ಬಂತು. ಕಾಲು ಬಂದ ಮೊದಲ ದಿನವೇ ಅದು ಮಾಡಿದ ಕೆಲಸ, ಹಗ್ಗ ಕಡಿದು ಮನೆಗೆ ಓಡಿಬಂದದ್ದು.

ಅವಳು ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು. ಬದುವಿನ ಮೇಲೆ ಅದು ಕಂಡಿತು. ಬಡಕಲಾಗಿತ್ತು, ಆದರೆ ಬಾಲ ಮೈಯನ್ನೇ ಅಲ್ಲಾಡಿಸುವಷ್ಟು ಆಡುತ್ತಿತ್ತು. ಅವಳ ಎದೆ ಹಿಗ್ಗಿತು. ಮರುಗಳಿಗೆಯಲ್ಲೇ ಜೀವ ಬಾಯಿಗೆ ಬಂತು. ಬೆನ್ನಿನ ಕೂದಲು ಔಷಧಿಗೆ ಇನ್ನೂ ಅಂಟಂಟಾಗಿತ್ತು. ಅದು ನೇರವಾಗಿ ಹುಳುಮನೆಯ ಬಾಗಿಲಿನ ಗೋಣಿತಾಟಿನತ್ತ ಬರುತ್ತಿತ್ತು. ತಾನು ದಿನಾ ಕಾಲೊರೆಸಿಕೊಂಡು ಒಳಗೆ ಹೋಗುವ ತಾಟು ಅದು.

“ಹೋಗೋ! ಹುರುಳೀ, ಹೋಗು!”

ಅದು ಆ ಮಾತನ್ನು ಎಂದೂ ಕೇಳಿರಲಿಲ್ಲ. ಇನ್ನೂ ಜೋರಾಗಿ ಓಡಿಬಂತು. ಅವಳು ಹೊರೆ ಎಸೆದು, ಬಗ್ಗಿ, ಒಂದು ಮಣ್ಣಿನ ಹೆಂಟೆ ತೆಗೆದುಕೊಂಡು ಬೀಸಿದಳು. ಬೇಕೆಂದೇ ಗುರಿ ತಪ್ಪಿಸಿದ್ದಳು. ಹುರುಳಿ ಆಟವೆಂದುಕೊಂಡು ಹೆಂಟೆಯ ಹಿಂದೆ ನೆಗೆದು, ಮೂಸಿ, ಮತ್ತೆ ಇವಳತ್ತ ತಿರುಗಿತು. ತಾಟಿಗೂ ಅದಕ್ಕೂ ನಡುವೆ ಇನ್ನು ನಾಲ್ಕು ಹೆಜ್ಜೆಯಷ್ಟೇ ಇತ್ತು. ಎರಡನೆಯ ಸಲ ಅವಳು ಬಗ್ಗಿ ಎತ್ತಿಕೊಂಡದ್ದು ಕಲ್ಲು. ಗುರಿ ತಪ್ಪಲಿಲ್ಲ.

ಹುರುಳಿ ಕುಂಯ್ ಅಂದು ಅಲ್ಲೇ ಕುಸಿಯಿತು. ಎದ್ದು, ಮೂರು ಕಾಲಲ್ಲಿ ಕುಂಟುತ್ತಾ ಬದುವಿನವರೆಗೆ ಹೋಗಿ ನಿಂತು ತಿರುಗಿ ನೋಡಿತು. ಕೋಪವಿಲ್ಲ ಅದರ ಮುಖದಲ್ಲಿ. ಏನೋ ತಪ್ಪು ಮಾಡಿದೆನೇ ಅಂತ ಕೇಳುವ ಹಾಗೆ ಕಿವಿ ಹಿಂದಕ್ಕೆ ಹಾಕಿತ್ತು. ರಾಮಲಕ್ಷ್ಮಮ್ಮನಿಗೆ ಅಳು ಉಕ್ಕಿ ಬಂತು. ಗಂಡನ ಮನೆಯಲ್ಲಿ ತಾನೂ ಹೀಗೇ ನಿಂತು ನೋಡುತ್ತಿದ್ದುದು ನೆನಪಾಯಿತು. ಅಳುತ್ತಲೇ ಮತ್ತೆ ಬಗ್ಗಿದಳು. ಈ ಸಲ ಎಸೆಯಬೇಕಾಗಲಿಲ್ಲ. ಅವಳು ಬಗ್ಗಿದ್ದೇ ತಡ, ಅದು ಓಡಿತು.

ಮುನಿನಾರಾಯಣಪ್ಪ ಹುಡುಕಿಕೊಂಡು ಬಂದು ಅದನ್ನು ಕರೆದುಕೊಂಡು ಹೋಗಿ ಸರಪಳಿ ಹಾಕಿದ. ಆದರೂ ಆಮೇಲೆರಡು ಸಲ ತಪ್ಪಿಸಿಕೊಂಡು ಬಂತು. ಬದು ದಾಟಿ ಮಾತ್ರ ಬರಲಿಲ್ಲ. ದೂರದಲ್ಲೇ ಹಿಪ್ಪುನೇರಳೆ ಸಾಲಿನ ನಡುವೆ ಕೂತು ಹುಳುಮನೆಯ ಬಾಗಿಲನ್ನು ನೋಡುತ್ತಿತ್ತು. ಅವಳು ಸೊಪ್ಪು ಕೊಯ್ಯಲು ಬಗ್ಗಿದರೂ ಸಾಕು, ಎದ್ದು ನಿಲ್ಲುತ್ತಿತ್ತು. ಸೊಪ್ಪಿಗೆ ಬಗ್ಗುವುದು ಯಾವುದು, ಕಲ್ಲಿಗೆ ಬಗ್ಗುವುದು ಯಾವುದು, ನಾಯಿಗೆ ಹೇಗೆ ತಿಳಿಯಬೇಕು? ಒಂದು ದಿನ ಅದು ಬರಲಿಲ್ಲ. ಸದ್ಯ, ಬುದ್ಧಿ ಬಂತು ಅಂದುಕೊಂಡಳು. ಬುದ್ಧಿ ಕಲಿಸಿದ್ದು ತಾನೇ ಅನ್ನುವುದನ್ನು ನೆನೆಯದಿರಲು ಇಡೀ ದಿನ ಒಂದಲ್ಲ ಒಂದು ಕೆಲಸ ಹಚ್ಚಿಕೊಂಡಳು.

ಹುಳು ಹಣ್ಣಾಯಿತು. ಮೈ ಹಳದಿಗೆ ತಿರುಗಿ, ಹಿಡಿದು ನೋಡಿದರೆ ಬೆಳಕು ಕಾಣುವಷ್ಟು ತಿಳಿಯಾಯಿತು. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಟ್ಟಳು. ಬಿದಿರಿನ ಆ ತಟ್ಟೆಗಳ ಸುರುಳಿ ಸುರುಳಿ ಸಂದುಗಳಲ್ಲಿ ಹುಳುಗಳು ತಲೆ ಆಡಿಸತೊಡಗಿದವು. ಈ ಸಲ ಕಕ್ಕುವುದಕ್ಕಲ್ಲ, ನೂಲುವುದಕ್ಕೆ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದಾಗ, ಗೂಡಿನಿಂದ ನೂಲು ತೆಗೆಯುವ ರೀಲರುಗಳು ಅವಳ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ಒಳ್ಳೆಯ ಬೆಲೆಯೇ ಬಂತು.

ಮುರಳಿಮೋಹನ ಬಂದು ಗೇಟಿನಾಚೆ ಬೈಕ್ ನಿಲ್ಲಿಸಿದ. “ಅಕ್ಕಾ, ಗೆದ್ಬಿಟ್ಯಲ್ಲೇ! ದ್ರಾಕ್ಷಿ ಮಾತು ಇನ್ನು ಎತ್ತಲ್ಲ ಕಣಮ್ಮ. ತೋಟ ನಿಂದೇ.”

“ಒಳಗ್ ಬಾರೋ. ಹುಳ ಇಲ್ಲ ಈಗ,” ಎಂದು ಅವಳು ಕೂಗಿದಳು.

ಅವನಿಗೆ ಅಂಗಡಿಗೆ ಲೋಡ್ ಬರುವುದಿತ್ತು. ಡಾಕ್ಟರು ಬರೆದುಕೊಟ್ಟಿದ್ದ ನುಂಗುವ ಮಾತ್ರೆಯನ್ನು ತರಿಸಿದ್ದ. ಗೇಟಿನ ಕಂಬದ ಮೇಲೆ ಇಟ್ಟು ಹೋದ.

ಹುಳುಮನೆ ಖಾಲಿಯಾದರೆ ತೊಳೆದು, ಬ್ಲೀಚಿಂಗ್ ನೀರು ಹೊಡೆದು, ಮುಂದಿನ ಬೆಳೆಯವರೆಗೆ ಬಿಡುವುದು ಎಲ್ಲರೂ ಮಾಡುತ್ತಾರೆ. ರಾಮಲಕ್ಷ್ಮಮ್ಮ ಈ ಸಲ ಮೊದಲು ಕೈ ಹಾಕಿದ್ದು ತನ್ನ ಕೋಣೆಗೆ, ಜಗಲಿಗೆ. ಗೋಡೆಯ ಒಂದೊಂದು ಬಿರುಕಿಗೂ ಸಿಮೆಂಟು ಮೆತ್ತಿದಳು. ಹುರುಳಿ ಮಲಗುತ್ತಿದ್ದ ಗೋಣಿಚೀಲಗಳನ್ನು ಸುಟ್ಟಳು. ಕುದಿಯುವ ನೀರು ಸುರಿದು ಜಗಲಿ ಉಜ್ಜಿ, ಎರಡು ಸಲ ಸುಣ್ಣ ಬಳಿದಳು. ಮೂಲೆಯಲ್ಲಿ ಹೊಸ ಚಾಪೆ ಹಾಸಿದಳು. ಮೊಣಕಾಲೂರಿ, ಟಾರ್ಚ್ ಬಿಟ್ಟು, ಒಂದಾದರೂ ಉಣ್ಣೆ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಮದುಮಗನನ್ನು ಕರೆದುಕೊಳ್ಳುವ ಮನೆಯ ಹಾಗಿತ್ತು. ಇನ್ನು ಮದ್ದು ಮೈಗೆ ಬಳಿಯುವುದೇ ಬೇಡ, ಮಾತ್ರೆ ನುಂಗಿಸಿದರಾಯಿತು. ಹುಳುವೂ ಇರುತ್ತದೆ, ಹುರುಳಿಯೂ ಇರುತ್ತದೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಇಷ್ಟು ಹಗುರಾಗಿ ಅವಳು ಉಸಿರಾಡಿ ಎಷ್ಟೋ ಕಾಲವಾಗಿತ್ತು.

ಬೇಕರಿಯಿಂದ ಒಂದು ಬನ್ ತೆಗೆದುಕೊಂಡು, ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸಂಜೆ ಇಳಿಬಿಸಿಲಿನಲ್ಲಿ ಬಸ್‌ಸ್ಟಾಪಿನತ್ತ ನಡೆದಳು.

ಮುನಿನಾರಾಯಣಪ್ಪ ಅಂಗಡಿಯ ಮುಂದೆ ಟಯರಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಹುರುಳಿ. ಸರಪಳಿ ಇರಲಿಲ್ಲ. ಮೈ ತುಂಬಿಕೊಂಡು, ಕೂದಲು ಮಿರಮಿರ ಅನ್ನುತ್ತಿತ್ತು. ಅವಳನ್ನು ಕಂಡು ಎದ್ದು ನಿಂತಿತು. ಕಿವಿ ನಿಮಿರಿತು. ಬಾಲ ಆಡಿತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

“ನೋಡಮ್ಮ, ಯಾರ್ ಬಂದ್ರು ಅಂತ ಗೊತ್ತಾಯ್ತು ಅವ್ನಿಗೆ,” ಎಂದ ಮುನಿನಾರಾಯಣಪ್ಪ.

“ಹುರುಳೀ! ಬಾರೋ ನನ್ ರಾಜಾ. ಬಾ, ಮನೇಗೆ ಹೋಗಣ.”

ಅದು ಎರಡು ಹೆಜ್ಜೆ ಮುಂದೆ ಬಂತು. ಅವಳಿಗೆ ತಡೆಯಲಾಗಲಿಲ್ಲ. ತಲೆ ಸವರಲು, ಎಡಗಿವಿಯ ಹಿಂದೆ ಒಮ್ಮೆ ನೋಡಲು, ಕೈ ಚಾಚಿಕೊಂಡು ಬಗ್ಗಿದಳು.

ಹುರುಳಿ ಓಡಿತು.

ಬಾಲವನ್ನು ಕಾಲ ಸಂದಿಗೆ ಸಿಕ್ಕಿಸಿಕೊಂಡು, ರಸ್ತೆ ದಾಟಿ, ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತು ಇಣುಕಿತು. ರಾಮಲಕ್ಷ್ಮಮ್ಮ ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಏನಾಯಿತು ಅಂತ ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ, ಬೆನ್ನು ನೆಟ್ಟಗೆ ಮಾಡುವುದೂ ಕಷ್ಟವಾಯಿತು.

“ಕಲ್ಲಿಲ್ಲ ಕಣೋ,” ಎಂದಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು. “ನೋಡು, ಏನೂ ಇಲ್ಲ.”

ಅಲ್ಲೇ ರಸ್ತೆಯ ಪಕ್ಕದ ಮಣ್ಣಿನಲ್ಲಿ ಕೂತುಬಿಟ್ಟಳು. ಕೂತವರು ಬಗ್ಗುವುದಿಲ್ಲವಲ್ಲ. ಬನ್ ಮುರಿದು ಒಂದು ತುಂಡು ಮುಂದಿಟ್ಟಳು, ಇನ್ನೊಂದನ್ನು ಅಂಗೈಯಲ್ಲಿ ಹಿಡಿದಳು. ಮುರುಗಮಲ್ಲದ ಬಸ್ಸು ಬಂದು ನಿಂತು, ಜನ ಇಳಿದು, ಅವಳನ್ನು ನೋಡಿ, ನೋಡದವರ ಹಾಗೆ ಹೋದರು. ಬಸ್ಸು ಹೋದ ಮೇಲೆ ಹುರುಳಿ ಸುತ್ತು ಹಾಕಿಕೊಂಡು ಬಂತು. ನೆಲದ ಮೇಲಿನ ತುಂಡನ್ನು ಕತ್ತು ಉದ್ದ ಮಾಡಿ, ಹಿಂಗಾಲು ಹಿಂದಕ್ಕೇ ಇಟ್ಟುಕೊಂಡು ಎಳೆದುಕೊಂಡಿತು. ಅವಳನ್ನು ನೋಡಿ ಬಾಲ ಆಡಿಸಿತು. ಅಂಗೈಯವರೆಗೆ ಬರಲಿಲ್ಲ. ದೂರದಿಂದಲೇ ಹೋಗಿ ಮುನಿನಾರಾಯಣಪ್ಪನ ಕಾಲ ಹತ್ತಿರ ಕೂತು ಅಲ್ಲಿಂದ ಅವಳನ್ನೇ ನೋಡತೊಡಗಿತು.

“ಸರಪಳಿ ಹಾಕಿ ಕೊಡ್ಲೇನಮ್ಮ?” ಎಂದು ಅವನು ಮೆಲ್ಲಗೆ ಕೇಳಿದ. “ಎಳ್ಕೊಂಡ್ ಹೋದ್ರೆ, ಎರ್ಡ್ ದಿನಕ್ಕೆ ಸರಿಹೋಗ್ತಾನೆ.”

ಅವಳು ಹುರುಳಿಯನ್ನು ನೋಡಿದಳು. ತೊಂಡೇಬಾವಿಯಿಂದ ಅವಳನ್ನೂ ಹೀಗೇ ಕರೆದೊಯ್ಯಲು ಬಂದಿದ್ದರು, ಎರಡು ದಿನಕ್ಕೆ ಸರಿಹೋಗುತ್ತದೆ ಅಂತ ಹೇಳಿಕೊಂಡು. ಅವಳು ಹೋಗಿರಲಿಲ್ಲ.

“ಬ್ಯಾಡಣ್ಣ. ಎಳೀಬ್ಯಾಡ.”

ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆದು ಟಯರಿನ ಮೇಲಿಟ್ಟಳು. ಉಳಿದ ಬನ್ನನ್ನೂ ಇಟ್ಟಳು. “ಇದ್ನ ಅನ್ನದಾಗಿಟ್ ಕೊಡು. ಇನ್ನೂ ಬೇಕಂದ್ರೆ ಮುರಳಿ ತರುಸ್ಕೊಡ್ತಾನೆ. ಮಾತ್ರೆ ಕೊಟ್ಟೆ ಅಂತ ಸುಮ್ಕಿರ್ಬ್ಯಾಡ, ದಿನಾ ಸಾಯಂಕಾಲ ಮೈ ನೋಡು. ಕತ್ತು, ಕಂಕುಳು, ಕಾಲ್ಬೆರಳ ಸಂದು. ಬಾಲದ್ ಬುಡ ಮರೀಬ್ಯಾಡ. ಹೊಟ್ಟೆ ಹಿಡ್ದು ಎಳೀಬ್ಯಾಡ, ಚರ್ಮದ್ ಹತ್ರ ಹಿಡ್ಕಂಡು ನೆಟ್ಟಗೆ ಎಳಿ. ಹಿಸುಕ್ಬ್ಯಾಡ, ಉಪ್ಪುನೀರಾಗ್ ಹಾಕು.” ಒಂದೇ ಉಸಿರಿಗೆ ಹೇಳುತ್ತಿದ್ದಳು. ನಿಲ್ಲಿಸಿದರೆ ಎದ್ದು ಹೋಗಬೇಕಾಗುತ್ತದಲ್ಲ ಅಂತ ಹೇಳುತ್ತಲೇ ಇದ್ದಳು. “ಬೀಡಿ ಸೇದಿದ್ ಕೈ ತೊಳ್ಕೊಂಡು ಮುಟ್ಟು. ಇನ್ನೊಂದಣ್ಣ, ಎಡಗಿವಿ ಮೊದ್ಲು ನೋಡು. ಅವ್ನು ಎಡಗಿವೀನೇ ಮೊದ್ಲು ಕೊಡೋದು.”

“ಗೊತ್ತಮ್ಮ,” ಎಂದ ಮುನಿನಾರಾಯಣಪ್ಪ. “ದಿನಾ ಕೊಡ್ತಾನೆ.”

ಹೇಳಿ, ಹೇಳಬಾರದಿತ್ತೇನೋ ಅನ್ನಿಸಿ, ಅವನು ಬೀಡಿಗಾಗಿ ಜೇಬು ತಡಕಾಡಿದ. ಹುರುಳಿ ಅವನ ತೊಡೆಯ ಮೇಲೆ ತಲೆ ಇಟ್ಟಿತು. ಎಡಗಿವಿ ಮೇಲಿತ್ತು.

ರಾಮಲಕ್ಷ್ಮಮ್ಮ ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಹೊರಟಳು. ತಿರುಗಿ ನೋಡಲಿಲ್ಲ. ಬದುವಿನ ಮೇಲೆ ಬರುವಾಗ ದಾರಿಯಲ್ಲಿ ಬಿದ್ದಿದ್ದ ಸೊಪ್ಪಿನ ಕಡ್ಡಿಯೊಂದನ್ನು ಎತ್ತಿಕೊಳ್ಳಲು ಹೋದವಳು ಬಗ್ಗಲಿಲ್ಲ. ಮನೆಗೆ ಬಂದಾಗ ಸುಣ್ಣದ ಗೋಡೆ ಬೆಳ್ಳಗಿತ್ತು, ಹೊಸ ಚಾಪೆ ಹಾಸಿದ ಹಾಗೇ ಇತ್ತು. ನಾಯಿ ಮುಟ್ಟಿ ಬಂದರೆ ಮೊದಲು ಕೈ ತೊಳೆಯಬೇಕು ಅನ್ನುವುದು ಇಷ್ಟು ವರ್ಷದ ಅಭ್ಯಾಸ. ಬಾಗಿಲ ಪಕ್ಕದ ಬಾನಿಯಿಂದ ಚೊಂಬಿನಲ್ಲಿ ನೀರು ತೆಗೆದು, ಸೋಪು ಹಚ್ಚಿಕೊಂಡು, ಮೊಣಕೈವರೆಗೆ ಉಜ್ಜಿದಳು. ಉಜ್ಜುತ್ತಿದ್ದ ಕೈ ನಿಂತಿತು. ಇವತ್ತು ಅವಳು ಯಾರನ್ನೂ ಮುಟ್ಟಿರಲಿಲ್ಲ.